ನಾನು ಬರೆದುಕೊಂಡ ಬಸಿರು

ಮೂತ್ರ ಪರೀಕ್ಷೆಯ ಕಿಟ್ಟಿನಲ್ಲಿ ಎರಡು ಗುಲಾಬಿ ಗೆರೆ ಬಂದರೆ ಬಸಿರು, ಒಂದೇ ಬಂದರೆ ಇಲ್ಲ. ಎರಡು ಹನಿ ಹಾಕಿ ಐದು ನಿಮಿಷ ಕಾಯಬೇಕು, ಅಷ್ಟೆ. ಆಶಾ ಕಾರ್ಯಕರ್ತೆಯಾದ ಮೇಲೆ ಈ ಐದು ನಿಮಿಷಗಳನ್ನು ನಾನು ಎಷ್ಟು ಮನೆಗಳ ಪಡಸಾಲೆಯಲ್ಲಿ ಕುಳಿತು ಕಳೆದಿದ್ದೇನೋ ನೆನಪಿಲ್ಲ. ಇಷ್ಟು ಸರಳವಾದ ಕೆಲಸದಲ್ಲಿ ತಪ್ಪು ಮಾಡಲು ಜಾಗವೆಲ್ಲಿ ಎಂದು ನೀವು ಕೇಳಬಹುದು. ನಾನು ಮಾಡಿದೆ. ಅದರಿಂದ ಒಬ್ಬ ಹೆಣ್ಣುಮಗಳು ಸಾಯಲು ಹೊರಟಿದ್ದಳು.

ನಮ್ಮದು ಕುಂದಗೋಳ ತಾಲೂಕಿನಲ್ಲಿ ಯರಗುಪ್ಪಿ ಕಡೆಯ ಒಂದು ಸಣ್ಣ ಊರು. ಮಳೆ ಹಿಡಿದರೆ ಎರೆಮಣ್ಣು ಕಾಲಿಗೆ ಅಂಟಿಕೊಂಡು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಣಿ ಸುತ್ತಬೇಕು. ಜೂನ್ ಮೊದಲ ವಾರ ಹಾಗೆಯೇ ಸುತ್ತುತ್ತಿದ್ದಾಗ ಕುರಿ ಸಾಕುವ ಒಂದು ಮನೆಯಿಂದ ಕರೆ ಬಂತು. ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು ಇರುವ ಮನೆ. ಕಿರಿಸೊಸೆ ಬಂದು ಒಂದು ವರ್ಷವಾಗಿತ್ತು, ಅವಳಿಗೆ ಮುಟ್ಟು ನಿಂತಿತ್ತು. ನಾನು ಅವಳ ಜೊತೆ ಮಾತಾಡುತ್ತಿದ್ದಾಗ ಹಿರಿಸೊಸೆ ಅಡುಗೆಮನೆಯ ಬಾಗಿಲ ಮರೆಯಿಂದ ಎರಡು ಬೆರಳು ತೋರಿಸಿದಳು. ಅವಳಿಗೂ ಎರಡು ತಿಂಗಳು.

ಹಿರಿಸೊಸೆಯ ಮದುವೆಯಾಗಿ ಎಂಟು ವರ್ಷ. ಆವರೆಗೆ ಏಳು ಸಲ ಅವಳಿಗೆ ನಾನೇ ಪರೀಕ್ಷೆ ಮಾಡಿದ್ದೆ, ಏಳು ಸಲವೂ ಒಂದೇ ಗೆರೆ. ಪ್ರತಿ ಸಲ ಆ ಕಿಟ್ಟನ್ನು ಅವಳು ನನ್ನ ಕೈಯಿಂದ ಕಸಿದುಕೊಂಡು ಬೆಳಕಿಗೆ ಹಿಡಿದು, "ಇಲ್ನೋಡ್ರಿ ಅಕ್ಕಾರ, ಸಣ್ಣಗ ಕಾಣಾಕತ್ತೈತಲ್ಲರಿ?" ಎಂದು ಕೇಳುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ. ನಾನು ಹಾಗೆಂದು ಹೇಳಿ ಎದ್ದು ಬರುತ್ತಿದ್ದೆ.

ಇಬ್ಬರಿಗೂ ಒಂದೊಂದು ಸಣ್ಣ ಬಾಟಲಿ ಕೊಟ್ಟು, ಬೆಳಗಿನ ಮೊದಲ ಮೂತ್ರ ಹಿಡಿದಿಡಲು ಹೇಳಿ ಬಂದೆ. ಮರುದಿನ ಏಳಕ್ಕೆ ಹೋದಾಗ ಎರಡೂ ಬಾಟಲಿಗಳನ್ನು ಹಿರಿಸೊಸೆಯೇ ತಂದು ಕೊಟ್ಟಳು. ನಾನಿದ್ದಾಗಲೇ ಒಬ್ಬೊಬ್ಬರಾಗಿ ಹೋಗಿ ತರಬೇಕು, ಬಾಟಲಿಯ ಮೇಲೆ ಹೆಸರಿನ ಪಟ್ಟಿ ಅಂಟಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಚ್ಚಲಿನ ಬಾಗಿಲಲ್ಲಿ ಕಾವಲು ನಿಲ್ಲುವುದು ನನಗೆ ಎಂದೂ ಸರಿಬಂದಿರಲಿಲ್ಲ, ಹಾಗಾಗಿ ಯಾರ ಮನೆಯಲ್ಲೂ ನಾನದನ್ನು ಮಾಡುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಎರಡು ಕಿಟ್ ಇಟ್ಟು ಹನಿ ಹಾಕಿದೆ. ಐದು ನಿಮಿಷ ಬೇಕಾಗಲಿಲ್ಲ. ಎರಡರಲ್ಲೂ ಎರಡೆರಡು ಗೆರೆ ಕುಂಕುಮ ಎಳೆದಷ್ಟು ಢಾಳಾಗಿ ಮೂಡಿದವು.

ನಾನು ಕುಣಿಯುವುದೊಂದು ಬಾಕಿ. ಹಿರಿಸೊಸೆಯನ್ನು ತಬ್ಬಿಕೊಂಡೆ. ಅತ್ತೆ ಒಳಗಿನಿಂದ ಸಕ್ಕರೆ ತಂದು ಮೊದಲು ನನ್ನ ಬಾಯಿಗೆ ಹಾಕಿದಳು. ಹಿರಿಸೊಸೆ ಮಾತ್ರ ನಗಲಿಲ್ಲ, ಕಿಟ್ಟನ್ನು ಕಸಿದುಕೊಳ್ಳಲೂ ಇಲ್ಲ. ಬೆಳಕಿಗೆ ಹಿಡಿದು ನೋಡುವ ಚಟವಿದ್ದವಳು ಅವತ್ತು ದೂರ ನಿಂತಿದ್ದಳು. ಎಂಟು ವರ್ಷದ ಮೇಲೆ ಬಂದ ಸುಖಕ್ಕೆ ಮೈ ಮರಗಟ್ಟಿದೆ ಎಂದು ನಾನು ತಿಳಿದೆ. ನನ್ನ ಬುದ್ಧಿಗಿಷ್ಟು!

ಉಪಕೇಂದ್ರದಲ್ಲಿ ನೋಂದಣಿ ಮಾಡುವಾಗ ಸಿಸ್ಟರ್, "ಮತ್ತೊಮ್ಮೆ ಟೆಸ್ಟ್ ಮಾಡೂಣೇನ್ರಿ?" ಎಂದು ಕೇಳಿದರು. ನನಗೆ ಸಿಟ್ಟೇ ಬಂತು. "ನಾನ ಮಾಡೀನ್ರಿ ಸಿಸ್ಟರ್. ಕಣ್ಣಾರೆ ನೋಡೀನಿ" ಎಂದೆ. ಅವರೂ ಬಿಟ್ಟರು. ತೂಕ, ರಕ್ತದೊತ್ತಡ, ಮೊದಲ ಇಂಜೆಕ್ಷನ್, ಕಬ್ಬಿಣದ ಮಾತ್ರೆ ಎಲ್ಲವೂ ಆದವು. ಮುಟ್ಟಿನ ತಾರೀಖಿಗೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆಯ ತಾರೀಖು ಬರೆದೆವು. ತಾಯಿ ಕಾರ್ಡನ್ನು ಹಿರಿಸೊಸೆ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ನಾನೇಕೆ ಅಷ್ಟು ಅವಸರ ಮಾಡಿದೆ ಎಂದು ಹೇಳಬೇಕಾದರೆ ನನ್ನದೊಂದು ಸಂಗತಿ ಬಿಚ್ಚಬೇಕು. ನನಗೂ ಮಕ್ಕಳಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಗೆ ಬಾಣಂತಿಯನ್ನು ನೋಡಲು ಹೋದಾಗ ಅಲ್ಲಿಯ ಮುದುಕಿ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. "ನಿನಗ ಎಷ್ಟು ಮಕ್ಕಳ ಬೇ?" ಎಂದಳು. ಕೂಸಿನ ತೂಕ ತೆಗೆಯದೆ ನಾನು ವಾಪಸು ಹೋಗುವಂತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಒಂದು ಮೂರು ತಿಂಗಳಿಗೆ ಇಳೀತವ್ವಾ, ತವರಿನ್ಯಾಗ ಇದ್ದಾಗ." ಅದಕ್ಕೂ ಸ್ವಲ್ಪ ಮೊದಲು ಕಾಮಣಿಯಾಗಿ, ಕಣ್ಣು ಮೈ ಹಳದಿ ತಿರುಗಿ, ನಾನು ಎರಡು ತಿಂಗಳು ಕುಬಿಹಾಳದ ತವರಿನಲ್ಲಿದ್ದದ್ದು ಊರಿಗೆ ಗೊತ್ತಿತ್ತು, ಲೆಕ್ಕ ಹೊಂದಿತು. ಮುದುಕಿ "ಅಯ್ಯ ಪಾಪ" ಎಂದು ಕೂಸನ್ನು ನನ್ನ ಮಡಿಲಿಗೆ ಹಾಕಿದಳು.

ಮಾತು ಊರು ಸುತ್ತಿ ನನ್ನ ಗಂಡನ ಕಿವಿಗೂ ಬಿತ್ತು. ಅವನು ಬಂದು ಕೇಳಿದಾಗ ನಾನು ಹೌದೆಂದೆ. ನಿನಗೆ ಹೇಳಿದರೆ ನೊಂದುಕೊಳ್ಳುತ್ತೀಯೆಂದು ಹೇಳಲಿಲ್ಲ ಎಂದೆ. ಆಮೇಲೆ ಆ ಸುಳ್ಳಿನ ಮೇಲೆಯೇ ಹನ್ನೊಂದು ವರ್ಷ ಕೆಲಸ ಮಾಡಿದೆ. ಬಸಿರಿಯ ಸೀಮಂತದಲ್ಲಿ, ನಮ್ಮ ಕಡೆಯ ಕುಬಸದಲ್ಲಿ, ಉಡಿ ತುಂಬುವ ಐದು ಮಂದಿಯಲ್ಲಿ ನನ್ನನ್ನು ಸೇರಿಸುತ್ತಿರಲಿಲ್ಲ, ಆದರೆ ಬಾಗಿಲಲ್ಲೂ ನಿಲ್ಲಿಸುತ್ತಿರಲಿಲ್ಲ. ತಾಯಿಗೂ ಬಂಜೆಗೂ ನಡುವೆ ಒಂದು ಸಣ್ಣ ಜಾಗವಿದೆ, ನಾನು ಅಲ್ಲಿ ಕುಳಿತಿದ್ದೆ. ಅರ್ಹ ದಂಪತಿಗಳ ವಹಿಯಲ್ಲಿ ಮೊದಲ ಸಾಲು ನಮ್ಮದೇ ಮನೆಯದು. 'ಒಟ್ಟು ಬಸಿರು' ಎಂಬ ಕಾಲಮ್ಮಿನಲ್ಲಿ ಪ್ರತಿ ವರ್ಷ ನನ್ನ ಕೈಯಾರೆ '1' ಎಂದು ಬರೆಯುತ್ತಿದ್ದೆ.

ಒಮ್ಮೆ ಹಿರಿಸೊಸೆ ಒಂದೇ ಗೆರೆ ನೋಡಿ ಬಹಳ ಅತ್ತಾಗ ಸಮಾಧಾನಕ್ಕೆಂದು ಅವಳಿಗೂ ಇದನ್ನೇ ಹೇಳಿದ್ದೆ. ಅವಳು ಕಣ್ಣೊರೆಸಿಕೊಂಡು, "ನಿಮಗ ಒಂದರ ಆಗಿತ್ತಲ್ರಿ" ಎಂದಿದ್ದಳು. ಆ ಮಾತಿನಲ್ಲಿ ಹೊಟ್ಟೆಕಿಚ್ಚಿತ್ತು. ಆಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಗಿತ್ತು.

ಜುಲೈ ತಪಾಸಣೆಗೆ ಹಿರಿಸೊಸೆ ಬರಲಿಲ್ಲ, ವಾಂತಿ ಎಂದಳು. ಪಂಚಮಿಗೆಂದು ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ, ತನ್ನ ತವರಿಗೆ ಹೋದವಳು ಶ್ರಾವಣ ಮುಗಿಯುವ ತನಕ ಅಲ್ಲೇ ಉಳಿದಳು. ಬಸಿರಿ ಬೇರೆ ಊರಿಗೆ ಹೋದರೆ ಅಲ್ಲಿಯ ಆಶಾಳಿಗೆ ಫೋನು ಮಾಡಿ ತಪಾಸಣೆಯ ವಿವರ ಬರೆದುಕೊಳ್ಳಬೇಕು. ನಾನು ಫೋನು ಮಾಡಲಿಲ್ಲ. 'ತವರಿನಲ್ಲಿ ತೋರಿಸಿದ್ದಾರೆ' ಎಂದು ಡೈರಿಯಲ್ಲಿ ಬರೆದೆ. ಅವಳು ತಿರುಗಿ ಬಂದಾಗ ಹೊಟ್ಟೆ ಕಾಣುತ್ತಿತ್ತು. ಅತ್ತೆ ಇಬ್ಬರು ಸೊಸೆಯರಿಗೂ ಕೂಡಿಯೇ ಐದನೇ ತಿಂಗಳ ಕುಬಸ ಮಾಡಲು ಸೋಮವಾರ ಗೊತ್ತು ಮಾಡಿದ್ದಳು. ಎರಡು ಹಸಿರು ಸೀರೆ ಬಂದಿದ್ದವು. "ಸ್ಕ್ಯಾನ್ ಗೀನ್ ಎಲ್ಲಾ ಕುಬಸ ಆದಮ್ಯಾಲೆ, ಸುಮ್ನ ದೃಷ್ಟಿ ಆಕ್ಕೈತಿ" ಎಂದು ಅತ್ತೆ ಅಂದದ್ದಕ್ಕೆ ನಾನು ಹೂಂ ಎಂದಿದ್ದೆ.

ಅದರ ಹಿಂದಿನ ಗುರುವಾರ ಅಂಗನವಾಡಿಯಲ್ಲಿ ತಪಾಸಣೆಯ ದಿನ. ಸಿಸ್ಟರ್ ಲಸಿಕೆಯ ಗದ್ದಲದಲ್ಲಿದ್ದರು. ಬಸಿರಿಯರ ಹೊಟ್ಟೆಯ ಅಳತೆಯನ್ನು ನನಗೆ ಒಪ್ಪಿಸಿದ್ದರು. ಅಡುಗೆಕೋಣೆಯ ಬಾಗಿಲಿಗೆ ಸೀರೆ ಕಟ್ಟಿ ಮರೆ ಮಾಡಿಕೊಂಡಿದ್ದೆ. ಕಿರಿಸೊಸೆಯ ಗರ್ಭ ಹೊಕ್ಕುಳದ ಮಟ್ಟಕ್ಕೆ ಬಂದಿತ್ತು, ತಿಂಗಳಿಗೆ ಸರಿಯಾಗಿತ್ತು. ಹಿರಿಸೊಸೆ "ನಾಳಿ ಬರ್ತೀನ್ರಿ" ಎಂದು ಹಿಂದೆ ಸರಿದಳು. ನಾನು ನಗುತ್ತ ಕೈಹಿಡಿದು ಎಳೆದುಕೊಂಡು ಬಂದು ಚಾಪೆಯ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಕೈ ಇಟ್ಟೆ.

ಕೈಗೆ ಸಿಕ್ಕಿದ್ದು ಬಟ್ಟೆ. ಸೀರೆಯ ನಿರಿಗೆಯ ಒಳಗೆ, ತೊಟ್ಟಿಲಿಗೆ ಹಾಸುವ ಸಣ್ಣ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಹಳೇ ಸೀರೆಗಳ ಕೆಂಪು, ಹಳದಿ ತುಂಡು ಸೇರಿಸಿ ಅವಳೇ ಹೊಲಿದ ಕೌದಿ ಅದು. ಅದರ ಕೆಳಗಿನ ಹೊಟ್ಟೆ ಬರಿದಾಗಿತ್ತು.

ಅವಳು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ಪರದೆಯ ಆಚೆ ಹೆಂಗಸರು ಮಾತಾಡುತ್ತಿದ್ದರು, ಇವಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು:

"ಎರಡು ತಿಂಗಳು ಖರೇನ ನಿಂತಿತ್ರಿ ಅಕ್ಕಾರ. ದೇವರಾಣಿ ನಿಂತಿತ್ತು. ಮತ್ತ ಒಂದ ಗೆರಿ ನೋಡಾಕ ನನಗ ಧೈರ್ಯ ಸಾಲಲಿಲ್ಲ. ನೆಗೆಣ್ಣಿ ಬಾಟ್ಲಿದಾಗಿನ ಅರ್ಧಾ ನನ್ನ ಬಾಟ್ಲಿಗೆ ಹಾಕಿದ್ನಿ. ನಂದೂ ಇದ್ದೇ ಇರ್ತೈತಿ ಅನ್ಕೊಂಡಿದ್ನಿರಿ. ಹದಿನೈದು ದಿನಕ್ಕ ಹೊರಗಾದ್ನಿ."

"ಅವತ್ತರ ಹೇಳಬಾರದೇನವಾ?"

"ನೀವು ಸಕ್ಕರಿ ತಿಂದಿದ್ರಲ್ಲರಿ. ಅತ್ತಿ ಜೀವನದಾಗ ಮೊದಲನೇ ಸಲ ನನಗ ಬಿಸಿ ರೊಟ್ಟಿ ಹಾಕಿದ್ಲು."

ಬಸಿರಿಯಾದ ಸೊಸೆ ಅತ್ತೆಯ ಬಾಜು ಮಲಗುವುದು ಆ ಮನೆಯ ಪದ್ಧತಿ. ಗಂಡ ಕುರಿಯ ಜೊತೆ ಹೊಲದಲ್ಲೇ ಇರುತ್ತಿದ್ದ. ಮುಟ್ಟಿನ ಬಟ್ಟೆಯನ್ನು ಹೊಲದ ಕಡೆ ಒಯ್ದು ಒಗೆಯುತ್ತಿದ್ದಳಂತೆ. ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಇವಳಿಗೆ ಬಸಿರು ನಿಲ್ಲದಿದ್ದರೆ ಇವಳ ತಂಗಿಯನ್ನೇ ತಂದು ಅವನಿಗೆ ಇನ್ನೊಂದು ಮದುವೆ ಮಾಡುವುದೆಂದು ಅತ್ತೆ ಮೊದಲೇ ಮಾತಾಡಿಟ್ಟಿದ್ದಳಂತೆ. ತಂಗಿಗೆ ಹತ್ತೊಂಬತ್ತು ವರ್ಷ.

"ಇಳೀತು ಅಂತ ಬರೀರಿ ಅಕ್ಕಾರ" ಎಂದಳು. "ಒಮ್ಮಿ ಆಗಿತ್ತು ಅಂದ್ರ ಮತ್ತ ಆಕ್ಕೈತಿ ಅಂತ ಒಂದ ವರ್ಷರ ತಡೀತಾರ. ನನ್ನ ಬಂಜಿ ಅನ್ನೂದು ಬಿಡ್ತಾರ. ನಿಮಗೂ ಹಂಗ ಆಗಿತ್ತಲ್ರಿ, ನಿಮ್ಮನ್ನ ಯಾರೂ ಅನ್ನಂಗಿಲ್ಲ. ಬರದುಬಿಡ್ರಿ, ಇಲ್ಲಂದ್ರ ನಾ ಉಳಿಯಂಗಿಲ್ಲ."

ಇದನ್ನು ಅವಳಿಗೆ ಕಲಿಸಿದವಳು ನಾನೇ. ಪರದೆಯ ಆಚೆಯಿಂದ ಸಿಸ್ಟರ್ "ಅಳತಿ ಎಷ್ಟ್ರಿ?" ಎಂದು ಕೂಗಿದರು. ನಾನು ಕಿರಿಸೊಸೆಯ ಅಳತೆಯನ್ನೇ ಇನ್ನೊಮ್ಮೆ ಹೇಳಿದೆ. ಕೌದಿಯ ಬಿಚ್ಚಿದ ಗಂಟನ್ನು ನನ್ನ ಕೈಯಿಂದಲೇ ಮತ್ತೆ ಬಿಗಿದು ಕಟ್ಟಿ ಅವಳನ್ನು ಹೊರಗೆ ಕಳಿಸಿದೆ.

ಮಧ್ಯಾಹ್ನ ಮನೆಗೆ ಬಂದು ವಹಿ ತೆಗೆದೆ. ಸುಳ್ಳು ಬರೆಯುವುದಕ್ಕೂ ಕ್ರಮವಿದೆ. ಮೂರು ತಿಂಗಳು ದಾಟಿದ ಬಸಿರು ಇಳಿದರೆ ಬರಿ 'ಇಳಿಯಿತು' ಎಂದರೆ ಸಾಲದು. ತಾರೀಖು, ಎಲ್ಲಿ ಆಯಿತು, ಎಷ್ಟನೇ ವಾರ, ರಕ್ತಸ್ರಾವ ಎಷ್ಟು, ಯಾವ ಆಸ್ಪತ್ರೆಗೆ ಒಯ್ದರು, ಚೀಟಿ ಎಲ್ಲಿ ಎಂಬುದೆಲ್ಲ ಬೇಕು. ಪೆನ್ಸಿಲ್ ಹಿಡಿದು ತುಂಬಿಸತೊಡಗಿದೆ. ಹೊಲದ ದಾರಿಯಲ್ಲಿ ಜಾರಿ ಬಿದ್ದಳು ಎಂದು ಬರೆದೆ. ಅದನ್ನು ಅಳಿಸಿ ತವರಿಗೆ ಹೋಗುವ ಬಸ್ಸಿನಲ್ಲಿ ಎಂದು ಬರೆದೆ. ಆಸ್ಪತ್ರೆಯ ಚೀಟಿ ಎಲ್ಲಿಂದ ತರಲಿ? ನಾಲ್ಕು ಸಲ ಬರೆದು ಅಳಿಸಿದ್ದಕ್ಕೆ ಹಾಳೆ ಹರಿಯಿತು. ಹೆದರಿಕೆಗಿಂತ ಹೆಚ್ಚಾಗಿ ನನಗೆ ನನ್ನ ಮೇಲೆಯೇ ಹೇಸಿಗೆ ಬಂತು, ಏಕೆಂದರೆ ಎಷ್ಟು ಸಲೀಸಾಗಿ ಕಥೆ ಕಟ್ಟುತ್ತಿದ್ದೆ!

ಶುಕ್ರವಾರ ಬೆಳಗ್ಗೆ ಅವಳ ಮನೆಗೆ ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದಳು. "ಬಟ್ಟಿ ಒಗ್ಯಾಕ ಹೊಲದ ಕಡೆ ಹೋಗ್ಯಾಳ. ಬ್ಯಾಡಂದ್ರೂ ಕೇಳಲಿಲ್ಲ" ಎಂದಳು. ಹಿತ್ತಲಲ್ಲಿ ಒಗೆಯುವ ಬಟ್ಟೆಗಳು ಹಾಗೆಯೇ ಬಿದ್ದಿದ್ದವು. ನಾನು ಓಡಿದೆ.

ಅವರ ಹೊಲದಲ್ಲಿ ಒಂದು ಕೃಷಿಹೊಂಡವಿದೆ. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ಬಿದ್ದವರಿಗೆ ಕಾಲೂರಲು ಆಸರೆ ಸಿಗುವುದಿಲ್ಲ. ಅವಳು ಅದರ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕಾಲುಂಗುರ, ಬಳೆ, ತಾಯಿ ಕಾರ್ಡು ಎಲ್ಲವನ್ನೂ ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದಳು. ನಾನು ಹಿಂದಿನಿಂದ ಹೋಗಿ ಜಡೆ ಹಿಡಿದು ಎಳೆದೆ. ಇಬ್ಬರೂ ಹತ್ತಿಯ ಸಾಲಿನಲ್ಲಿ ಬಿದ್ದೆವು. ಅವಳು ಬಿಡಿಸಿಕೊಳ್ಳಲು ನನ್ನ ತೋಳು ಕಚ್ಚಿದಳು. ಆಮೇಲೆ ಸುಮ್ಮನೆ ಮಲಗಿದಳು.

"ನೀವು ಸುಳ್ಳು ಬರದ್ರೂ ಸಿಸ್ಟರ್ ನೋಡ್ತಾರಲ್ರಿ" ಎಂದಳು ಆಕಾಶ ನೋಡುತ್ತ. "ರಾತ್ರೆಲ್ಲಾ ವಿಚಾರ ಮಾಡಿದ್ನಿ. ಎಲ್ಲೂ ದಾರಿ ಇಲ್ಲ."

ನನಗೂ ದಾರಿ ಕಾಣುತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಇವಳನ್ನು ಒಬ್ಬಳನ್ನೇ ಬಿಡಬಾರದು. ಕೈಹಿಡಿದು ಮನೆಗೆ ಕರೆತಂದು ಅತ್ತೆಗೆ, "ಬಿ.ಪಿ. ಏರೈತ್ರಿ, ಕುಬಸದ ತನಕ ನನ್ನ ಕಣ್ಣ ಮುಂದ ಇರಲಿ" ಎಂದೆ. ಹೆದರಿದ ಅತ್ತೆ ತಾನೇ ಹಾಸಿಗೆ ಸುತ್ತಿ ಕೊಟ್ಟಳು.

ಎರಡು ದಿನ ಅವಳು ನಮ್ಮ ಮನೆಯಲ್ಲಿದ್ದಳು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಿದ್ದೆ. ಜೂನ್ ತಿಂಗಳಲ್ಲಿ ಹೀಗೆ ನಿಂತಿದ್ದರೆ ಇದೊಂದೂ ಆಗುತ್ತಿರಲಿಲ್ಲ. ನನ್ನ ಗಂಡ ಸರಕಿನ ಟೆಂಪೋ ಓಡಿಸುತ್ತಾನೆ, ಮಾತು ಕಮ್ಮಿ. ಶುಕ್ರವಾರ ಸಂಜೆ ಹುಬ್ಬಳ್ಳಿಯಿಂದ ಬರುವಾಗ ಬಸಿರಿ ಹೆಂಗಸು ಮನೆಯಲ್ಲಿದ್ದಾಳೆಂದು ದಾಳಿಂಬೆ ತಂದ. ಅವಳ ಮುಂದಿಟ್ಟು, "ತಿನ್ನವಾ ತಂಗಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮದು ಇದ್ದಿದ್ರ ಈಗ ಹತ್ತು ದಾಟಿರ್ತಿತ್ತು" ಎಂದು ಎದ್ದು ಹೋದ. ಹಿರಿಸೊಸೆ ಆ ದಾಳಿಂಬೆಯನ್ನು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಶನಿವಾರ ಅವಳನ್ನು ಕರೆದುಕೊಂಡು ಉಪಕೇಂದ್ರಕ್ಕೆ ಹೋಗಿ ಸಿಸ್ಟರ್ ಮುಂದೆ ಎಲ್ಲ ಒಪ್ಪಿಕೊಂಡೆ. ಸಿಸ್ಟರ್ ಮೊದಲು ಹೊಸ ಕಿಟ್ ತೆಗೆದು ಪರೀಕ್ಷೆ ಮಾಡಿದರು. ಈ ಸಲ ನಾವಿಬ್ಬರೂ ಬಚ್ಚಲಿನ ಬಾಗಿಲಲ್ಲಿದ್ದೆವು. ಒಂದೇ ಗೆರೆ. ಅವಳು ಕಿಟ್ಟನ್ನು ಬೆಳಕಿಗೆ ಹಿಡಿಯಲಿಲ್ಲ.

"ನಾನೂ ಮತ್ತ ಟೆಸ್ಟ್ ಮಾಡಬೇಕಿತ್ತು, ನಂದೂ ತಪ್ಪೈತಿ" ಎಂದರು ಸಿಸ್ಟರ್. ಆಮೇಲೆ ಗಟ್ಟಿಯಾಗಿ, "ಆದ್ರ ಇಳೀತು ಅಂತ ಬರ್ಯಾಕ ಆಗಂಗಿಲ್ರಿ. ಹಂಗ ಬರದ್ರ ಆಕಿಗೆ ಒಮ್ಮೆ ಬಸಿರಾಗಿತ್ತು ಅಂತಾಕ್ಕೈತಿ. ಗಂಡಗ ತಪಾಸಣಿನ ಬ್ಯಾಡ ಅಂತಾರ. ಮತ್ತ ಎಂಟು ವರ್ಷ ಆಕಿನ ಔಷಧ ಕುಡೀಬೇಕು, ಆಕಿನ ಬೈಸ್ಕೋಬೇಕು" ಎಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನು ಮಾಡಿದರು. ನೋಂದಣಿಯನ್ನು 'ತಪ್ಪು ನಮೂದು' ಎಂದು ರದ್ದು ಮಾಡಬೇಕು, ಮನೆಯವರಿಗೆ ಕುಬಸಕ್ಕೆ ಮೊದಲೇ ಹೇಳಬೇಕು, ಗಂಡ ಹೆಂಡತಿ ಇಬ್ಬರನ್ನೂ ಪರೀಕ್ಷೆಗೆ ಕಳಿಸಬೇಕು, ಅವಳನ್ನು ಒಂಟಿಯಾಗಿ ಬಿಡಬಾರದು. ವೈದ್ಯರು ಹೇಳಿದ್ದು ಇಷ್ಟು. ನನಗೆ ನೋಟಿಸು ಆಮೇಲೆ ಬರುತ್ತದೆ ಎಂದೂ ಹೇಳಿದರು. ಬಂತು ಕೂಡ.

ಎಂಟು ವರ್ಷದಲ್ಲಿ ಆ ಗಂಡನನ್ನು ಯಾರೂ ಪರೀಕ್ಷೆಗೆ ಕಳಿಸಿರಲಿಲ್ಲ. ಯಾರೂ ಎಂದರೆ ಅದರಲ್ಲಿ ಮೊದಲು ನಾನು. ನನ್ನ ಮನೆಯಲ್ಲಿಯೂ ಕಳಿಸಿರಲಿಲ್ಲ. ನನಗಂತೂ ಒಮ್ಮೆ ಬಸಿರಾಗಿತ್ತಲ್ಲ, ಕಳಿಸುವ ಮಾತೆಲ್ಲಿ ಬರಬೇಕು?

ಭಾನುವಾರ ಹತ್ತು ಗಂಟೆಗೆ ಸಿಸ್ಟರ್, ನಾನು, ಹಿರಿಸೊಸೆ ಮೂವರೂ ಅವರ ಮನೆಗೆ ಹೋದೆವು. ಓಣಿಯವರು ಕೇಳದಿರಲೆಂದು ಅವಳು ಕೌದಿ ಕಟ್ಟಿಕೊಂಡೇ ಬಂದಿದ್ದಳು. ಅತ್ತೆಯನ್ನು ಒಳಕೋಣೆಗೆ ಕರೆದು ಮೆಲ್ಲಗೆ ಹೇಳುವುದು ನಮ್ಮ ಯೋಚನೆ. ಆದರೆ ಪಡಸಾಲೆ ತುಂಬ ಓಣಿಯ ಹೆಂಗಸರಿದ್ದರು, ಉಂಡೆ ಕಟ್ಟುತ್ತಿದ್ದರು. ಬಳೆಗಾರ ಹಸಿರು ಬಳೆಯ ಗಂಟು ಬಿಚ್ಚಿ ಕುಳಿತಿದ್ದ. ಕಿರಿಸೊಸೆಗೆ ತೊಡಿಸಿ ಆಗಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹಿರಿಸೊಸೆಯನ್ನು ಎಳೆದು ಬಳೆಗಾರನ ಮುಂದೆ ಕೂರಿಸಿದಳು. ಅವನು ಅವಳ ಕೈ ಹಿಡಿದು ಮೊದಲ ಬಳೆ ಏರಿಸಿದ.

ಅವಳು ಕೈ ಕಿತ್ತುಕೊಂಡಳು. ಬಳೆ ಒಡೆಯಿತು. ಎದ್ದು ನಿಂತು, ಎಲ್ಲರೆದುರಿಗೆ ಸೆರಗಿನೊಳಗೆ ಕೈ ಹಾಕಿ, ಗಂಟು ಬಿಚ್ಚಿ, ಕೌದಿಯನ್ನು ತೆಗೆದು ಅತ್ತೆಯ ಕಾಲ ಬಳಿ ಇಟ್ಟಳು.

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಸ್ಟರ್ ನಡುವೆ ಬಂದು, "ಬಸಿರು ಇಲ್ರಿ ಯಮ್ಮಾ. ಇದ್ದಿದ್ದಿಲ್ಲ. ನೋಂದಣಿ ಮಾಡೂದ್ರಾಗ ನಮ್ಮ ಕಡೆಯಿಂದ ತಪ್ಪಾಗೇತಿ" ಎಂದರು. ಅತ್ತೆ ಅವರ ಕಡೆ ತಿರುಗಲಿಲ್ಲ. ಸೊಸೆಯನ್ನೇ ನೋಡುತ್ತ ಹೇಳಿದಳು:

"ಈಯದ ಕುರಿನ ನಾವು ಸಂತಿಗೆ ಹೊಡಿತೀವಿ, ಗೊತ್ತೈತಿಲ್ಲೋ ನಿನಗ? ಎಂಟು ವರ್ಷ ಹಾಕಿದ್ನಲ್ಲ ನಿನಗ ಕೂಳ." ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಈ ಆಶಾನ್ನ ನೋಡು. ಕೂಸು ಇರದಿದ್ರೇನಾತು, ಒಮ್ಮಿ ಬಸಿರಾಗಿ ತೋರಿಸ್ಯಾಳ. ಆಕಿ ಹೆಂಗಸು. ನೀ ಏನ ಬೇ? ನೀ ಏನ?"

ಹಿರಿಸೊಸೆ ಬಾಗಿಲ ಕಡೆ ನೋಡಿದಳು. ಆ ನೋಟ ನನಗೆ ಗೊತ್ತಿತ್ತು, ಹೊಂಡದ ದಂಡೆಯ ಮೇಲೆ ಕಂಡಿದ್ದೆ. ಅತ್ತೆ ಅವಳನ್ನು ಹೊಡೆಯುತ್ತಿದ್ದದ್ದು ನನ್ನನ್ನೇ ಕೋಲಾಗಿ ಹಿಡಿದು. ನನ್ನ ಸುಳ್ಳು ಇನ್ನೊಂದು ಗಳಿಗೆ ಉಳಿದರೂ ಇವಳು ಉಳಿಯುವುದಿಲ್ಲ ಎನಿಸಿತು. ಅವಳ ತೋಳು ಹಿಡಿದುಕೊಂಡು ಹೇಳಿದೆ:

"ನನಗೂ ಎಂದೂ ಬಸಿರಾಗಿಲ್ರಿ."

ಉಂಡೆ ಕಟ್ಟುತ್ತಿದ್ದವರಿಗೆ ಮೊದಲ ಸಲ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. "ಇಳೀತು ಅಂದಿದ್ದು ಸುಳ್ಳು. ಅವತ್ತು ಕೂಸಿನ್ನ ನನ್ನ ಕೈಯಾಗ ಕೊಡಲಿಲ್ಲ ಅಂತ ಹೇಳಿದ್ನಿ. ನನಗ ಆಗಿದ್ದು ಕಾಮಣಿ. ಹನ್ನೊಂದು ವರ್ಷ ನಿಮ್ಮ ಕೂಸುಗಳ ತೂಕ ತಗದಾಕಿ, ನೀರ ಎರದಾಕಿ, ಎಂದೂ ಬಸಿರಾಗಲಾರದಾಕಿನ. ಯಾವ ಕೂಸಿಗೆ ಏನಾಗೇತಿ ಹೇಳ್ರಿ. ಇಕೀ ಹೆಂಗಸಲ್ಲಂದ್ರ ನಾನೂ ಅಲ್ಲ."

ಮಗ್ಗುಲಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ತನ್ನ ತೊಡೆಯ ಮೇಲಿನ ಮೊಮ್ಮಗುವನ್ನು ಎತ್ತಿಕೊಂಡು ಆ ಕಡೆಗೆ ಸರಿದಳು. ಆ ಮಗುವಿನ ಹೊಕ್ಕುಳ ಬೀಳುವ ತನಕ ದಿನಾ ನೋಡಿದವಳು ನಾನು. ಕಿರಿಸೊಸೆ ತನ್ನ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಅವಳನ್ನು ಬೈಯಲಾರೆ, ನಾಚಿಕೆಯಿಂದ ತಲೆ ತಗ್ಗಿಸಿಯೇ ಎಳೆದುಕೊಂಡಳು. ಆದರೂ ಎಳೆದುಕೊಂಡಳು.

ಅತ್ತೆ ಬೈಗುಳ ಶುರು ಮಾಡಿದಳು. ಈಗ ಅದೆಲ್ಲ ನನ್ನ ಮೇಲೆ ಬಿತ್ತು. ಬೀಳಲಿ ಎಂದು ನಿಂತೆ. ಅಷ್ಟರಲ್ಲಿ ಜಗುಲಿಯ ಮೇಲಿಂದ ಕೆಮ್ಮಿದ ಸದ್ದಾಯಿತು. ಕುಬಸದ ಸಾಮಾನು ತರಲೆಂದು ಹೊಲದಿಂದ ಬಂದಿದ್ದ ಹಿರಿಮಗ, ಹಿರಿಸೊಸೆಯ ಗಂಡ, ಅಲ್ಲಿಯೇ ಕುಳಿತು ಎಲ್ಲ ಕೇಳಿಸಿಕೊಂಡಿದ್ದ. ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದ.

"ಯವ್ವಾ, ಸಾಕು ಮಾಡು" ಎಂದ. "ಹಿಂಡಿನ್ಯಾಗ ಮರಿ ಆಗಲಿಲ್ಲಂದ್ರ ಕುರಿನ ಯಾರ ಮೊದಲ ಸಂತಿಗೆ ಹೊಡಿತಾರು? ಮೊದಲ ಟಗರ ಬದಲ ಮಾಡಿ ನೋಡ್ತೀವಿ. ನನಗ ಇದು ಗೊತ್ತಿರಲಾರದ್ದೇನಲ್ಲ." ತಾಯಿಯ ಮುಖ ನೋಡದೆ ಸಿಸ್ಟರ್‌ಗೆ ಕೇಳಿದ: "ತಪಾಸಣಿಗೆ ಎಲ್ಲಿ ಬರಬೇಕ್ರಿ? ನಾ ಬರ್ತೀನಿ."

ಹಿರಿಸೊಸೆ ಅಲ್ಲಿಯೇ ಕುಸಿದು ಕುಳಿತು ಅಳತೊಡಗಿದಳು. ಬಾಯಿ ಬಿಟ್ಟು, ದನಿ ತೆಗೆದು ಅತ್ತಳು. ಮೂರು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಅಳಲಿ ಬಿಡ್ರಿ, ಅಳುವವರು ಹೊಂಡಕ್ಕೆ ಹೋಗುವುದಿಲ್ಲ ಎಂದು ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದರು. ಅದು ನಿಜವೋ ಇಲ್ಲವೋ ತಿಳಿಯದು, ಆ ಹೊತ್ತಿಗೆ ನನಗೆ ನಂಬಬೇಕಿತ್ತು.

ಅವಳು ಬದುಕಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಬಂದರು. ಅಲ್ಲಿ ಏನು ಬಂತು ಎನ್ನುವುದು ಅವರ ಚೀಟಿಯಲ್ಲಿದೆ, ಅದನ್ನು ಬರೆಯುವ ಅಧಿಕಾರ ನನಗಿಲ್ಲ. ತಂಗಿಯ ಮದುವೆಯ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಅತ್ತೆ ಸೊಸೆಯೊಡನೆ ಇಂದಿಗೂ ನೆಟ್ಟಗೆ ಮಾತಾಡುವುದಿಲ್ಲ. ಅವಳೀಗ ಗಂಡನ ಜೊತೆ ಕುರಿಯ ಹಿಂದೆ ಹೊಲದಲ್ಲಿರುತ್ತಾಳೆ. ನನ್ನನ್ನು ಎರಡು ಮನೆಗಳವರು ಬಾಣಂತಿಯ ಕೋಣೆಯೊಳಗೆ ಬಿಡುವುದಿಲ್ಲ. ಹೊಸ್ತಿಲ ಹೊರಗೆ ತಕ್ಕಡಿ ಹಿಡಿದು ನಿಲ್ಲುತ್ತೇನೆ, ಅವರೇ ಕೂಸನ್ನು ತಂದು ಅದರಲ್ಲಿ ಮಲಗಿಸುತ್ತಾರೆ.

ಆ ಭಾನುವಾರದ ಸಂಜೆಯೊಂದು ಉಳಿಯಿತು. ನಾನು ಮನೆಗೆ ಬರುವ ಹೊತ್ತಿಗೆ ಮಾತು ನನಗಿಂತ ಮೊದಲೇ ಬಂದು ತಲುಪಿತ್ತು. ಗಂಡ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ನಾನು ವಹಿಯನ್ನು ತೆಗೆದುಕೊಂಡು ಅವನೆದುರಿಗೆ ಕುಳಿತೆ. ಮೊದಲು ಹಿರಿಸೊಸೆಯ ಸಾಲಿಗೆ 'ತಪ್ಪು ನಮೂದು' ಎಂದು ಬರೆದೆ. ಆಮೇಲೆ ಮೊದಲ ಹಾಳೆಗೆ ಹೋಗಿ ನಮ್ಮ ಮನೆಯ ಸಾಲಿನ '1' ಅನ್ನು ಹೊಡೆದು ಹಾಕಿ ಪಕ್ಕದಲ್ಲಿ '0' ಬರೆದು ಸಹಿ ಮಾಡಿದೆ. ಅವನು ಅದನ್ನು ನೋಡುತ್ತಿದ್ದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದೆ.



"ನಾ ಅದಕ್ಕ ಒಂದು ಹೆಸರ ಇಟ್ಟಿದ್ನಿ" ಎಂದ.

ಏನು ಹೆಸರು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.